ವಖಾರಿ ಸೇರಿದ ಹಸಿರು ಡಬ್ಬಿಗಳು

ಸಂಕ್ರಾಂತಿ ಕಳೆದ ಮೂರನೆಯ ದಿನ ಬೆಳಿಗ್ಗೆ, ಶಿರಸಿಯಲ್ಲಿ ಕಾರ್ತಿಕನ ಕಂಪ್ಯೂಟರ್ ಅಂಗಡಿಯಲ್ಲಿ ಕೂತಿದ್ದ ರಾಜೀವಿ ಒಂದು ದರ ಕೇಳಿ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಚಹಾದ ಲೋಟವನ್ನು ಮೇಜಿನ ಮೇಲಿಟ್ಟು, ಇನ್ನೊಮ್ಮೆ ಓದು ಎಂದಳು. ಹುಬ್ಬಳ್ಳಿಯ ಸಗಟು ವ್ಯಾಪಾರಿ ಮೊಬೈಲಿಗೆ ಕಳಿಸಿದ ಪಟ್ಟಿಯನ್ನು ಕಾರ್ತಿಕ ಇನ್ನೊಮ್ಮೆ ಓದಿದ. ಹಸಿರು ಡಬ್ಬಿಯ ಗ್ರಾಫಿಕ್ಸ್ ಕಾರ್ಡಿಗೆ ಅರವತ್ತೆಂಟು ಸಾವಿರ. ಕೆಂಪು ಡಬ್ಬಿಯದಕ್ಕೆ ಐವತ್ತೇಳು. ಅದೂ ಮಾಲು ಬಂದರೆ ಮಾತ್ರ. ಬರುವುದು ಯಾವಾಗ ಎಂದು ಆ ವ್ಯಾಪಾರಿಗೂ ಗೊತ್ತಿರಲಿಲ್ಲ.

ಹೋದ ಶ್ರಾವಣದಲ್ಲಿ ಇದೇ ಹಸಿರು ಡಬ್ಬಿಗೆ ನಲವತ್ತಾರು ಇತ್ತು, ಕೆಂಪಿಗೆ ಮೂವತ್ತೆಂಟು. ಆ ದರಕ್ಕೆ ಹನ್ನೆರಡು ಹಸಿರು, ಎಂಟು ಕೆಂಪು, ಒಟ್ಟು ಇಪ್ಪತ್ತು ಡಬ್ಬಿ ಕೊಂಡು ಕಟ್ಟಿಟ್ಟವಳು ಬೇರೆ ಯಾರೂ ಅಲ್ಲ, ಈ ರಾಜೀವಿಯೇ. ಏರುತ್ತದೆ, ನೋಡುತ್ತಿರಿ ಎಂದವಳೂ ಅವಳೇ. ಆದರೂ ಇಷ್ಟು ಏರಿದ್ದನ್ನು ಕಿವಿಯಾರೆ ಕೇಳಿದಾಗ ಅವಳಿಗೆ ದಿಗಿಲಾಯಿತು. ಸಂತೋಷಕ್ಕೂ ಮನುಷ್ಯರಿಗೆ ಹೆದರಿಕೆಯಾಗುತ್ತದೆ ಎಂಬುದು ಅರವತ್ತೊಂದನೆಯ ವಯಸ್ಸಿನಲ್ಲಿ ಅವಳಿಗೆ ಮೊದಲ ಸಲ ಗೊತ್ತಾಯಿತು.

ಗ್ರಾಫಿಕ್ಸ್ ಕಾರ್ಡು ಎಂದರೇನು ಎಂದು ಕೇಳುವವರಿಗೆ ಕಾರ್ತಿಕ ಹೇಳುವುದು ಇಷ್ಟೇ: ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಚಿತ್ರ ಮೂಡಿಸುವುದಕ್ಕೇ ಇರುವ ದಪ್ಪ ಹಲಗೆ, ಮೇಲೆ ಎರಡು ಫ್ಯಾನು. ಸಣ್ಣ ಕೆಲಸದವರಿಗೆ ಅದು ಬೇಡ. ದೊಡ್ಡ ಕಾರ್ಡು ಕೊಳ್ಳುವ ತಾಕತ್ತು ನಮ್ಮ ಕಡೆ ಯಾರಿಗೂ ಇಲ್ಲ. ಮದುವೆಯ ವೀಡಿಯೋ ಮಾಡುವವರು, ಮನೆಯ ನಕ್ಷೆ ಬಿಡಿಸುವವರು, ಆಟದ ಹುಚ್ಚಿನ ಹುಡುಗರು, ಎಲ್ಲರಿಗೂ ಬೇಕಾದದ್ದು ಈ ನಡುವಿನ ದರ್ಜೆಯದು. ಅದರಲ್ಲಿ ಎರಡು ಕಂಪನಿಗಳ ಪೈಪೋಟಿ. ಒಂದರದು ಹಸಿರು ಡಬ್ಬಿ, ಇನ್ನೊಂದರದು ಕೆಂಪು. ಆಟಕ್ಕೆ ಕೆಂಪೂ ಸಾಕು, ಎಂಟು ಸಾವಿರ ಉಳಿಯುತ್ತದೆ. ನಕ್ಷೆ ಬಿಡಿಸುವ ತಂತ್ರಾಂಶಗಳಿಗೆ ಮಾತ್ರ ಹಸಿರೇ ಆಗಬೇಕು.

ಇಷ್ಟು ಕೇಳಿದ್ದೇ ತಡ, ರಾಜೀವಿ ಇದನ್ನು ತನ್ನ ಲೆಕ್ಕಕ್ಕೆ ತಂದುಕೊಂಡಳು. ಹಸಿರೆಂದರೆ ತುಟ್ಟಿಯ ರಾಶಿ ಅಡಿಕೆ, ಕೆಂಪೆಂದರೆ ಅದಕ್ಕಿಂತ ಅಗ್ಗದ ಚಾಲಿ ಅಡಿಕೆ. ರಾಶಿ ಏರಿದರೆ ಚಾಲಿ ಹಿಂದಿನಿಂದ ಏರಲೇಬೇಕು. ಕಾರ್ತಿಕ ನಕ್ಕಿದ್ದ. ನಕ್ಕದ್ದು ತಪ್ಪು, ಏಕೆಂದರೆ ಧಾರಣೆಯ ವಿಷಯದಲ್ಲಿ ಸೋದರತ್ತೆಯ ಮುಂದೆ ನಗುವ ಯೋಗ್ಯತೆ ಅವನಿಗಿರಲಿಲ್ಲ.

ಆಕೆ ಮೂವತ್ತು ವರ್ಷ ಅಡಿಕೆ ಸೊಸೈಟಿಯೊಂದರಲ್ಲಿ ಟೆಂಡರು ಓದಿದವಳು. ವ್ಯಾಪಾರಿಗಳು ಒಂದೊಂದು ಗುಡ್ಡೆ ನೋಡಿ, ಅಡಿಕೆ ಕಚ್ಚಿ, ಚೀಟಿಯಲ್ಲಿ ದರ ಬರೆದು ಪೆಟ್ಟಿಗೆಗೆ ಹಾಕುವುದು. ಹೊತ್ತು ಮುಗಿದ ಮೇಲೆ ಪೆಟ್ಟಿಗೆ ತೆರೆದು, ಒಂದೊಂದೇ ಚೀಟಿ ಬಿಡಿಸಿ, ರಾಗವಿಲ್ಲದ ದನಿಯಲ್ಲಿ ಗಟ್ಟಿಯಾಗಿ ಓದುವುದು ರಾಜೀವಿಯ ಕೆಲಸ. ಹೆಚ್ಚಿಗೆ ಬರೆದವನು ಹಣೆ ಚಚ್ಚಿಕೊಂಡರೂ ಅಷ್ಟೇ, ಕಮ್ಮಿ ಬರೆದವನು ಕಾಲು ಹಿಡಿದರೂ ಅಷ್ಟೇ. ಒಮ್ಮೆ ಅವಳ ಸ್ವಂತ ಭಾವನೇ ಚೀಟಿಯಲ್ಲಿ ಅಂಕಿ ತಪ್ಪಿ ಬರೆದು, ಕಣ್ಣಲ್ಲೇ ಬೇಡಿಕೊಂಡಿದ್ದ. ಬರೆದದ್ದನ್ನು ಬರೆದ ಹಾಗೆ ಓದಿದಳು. ಆತ ಎರಡು ವರ್ಷ ಮಾತು ಬಿಟ್ಟಿದ್ದ. ಹೀಗಾಗಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಉದ್ದಗಲಕ್ಕೂ ಒಂದು ಮಾತು ನಿಂತುಹೋಗಿತ್ತು: ರಾಜೀವಕ್ಕ ಹೇಳಿದರೆ ಮುಗಿಯಿತು, ಅದರ ಮೇಲೆ ಇನ್ನೊಬ್ಬರನ್ನು ಕೇಳಬೇಕಾಗಿಲ್ಲ.

ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರಲಾರದೆ ಅಣ್ಣನ ಮಗನ ಅಂಗಡಿಗೆ ಬಂದು ಗಲ್ಲೆಯಲ್ಲಿ ಕೂರುತ್ತಿದ್ದಳು. ಶ್ರಾವಣದಲ್ಲಿ ಒಂದು ದಿನ ಕಾರ್ತಿಕ ಏನೋ ಓದುತ್ತ, ಮೆಮೊರಿ ಚಿಪ್ಪು ಮಾಡುವ ಕಾರ್ಖಾನೆಗಳೆಲ್ಲ ಈಗ ಎಐ ಯಂತ್ರಗಳ ಕಡೆ ತಿರುಗಿವೆ, ನಮ್ಮಂಥವರ ಕಾರ್ಡಿಗೆ ಚಿಪ್ಪು ಸಿಗುವುದು ಕಷ್ಟವಾಗಬಹುದು ಎಂದ. ಅವನು ಹಾಗೆ ಸುಮ್ಮನೆ ಅಂದದ್ದು. ರಾಜೀವಿಯ ಮೂಗು ಚುರುಕಾಯಿತು. ಮಾಲು ಕಮ್ಮಿಯಾಗುವ ಮೊದಲಿನ ಗಾಳಿ ಅವಳಿಗೆ ಗೊತ್ತು. ನಿವೃತ್ತಿಯಲ್ಲಿ ಬಂದ ದುಡ್ಡು ಬ್ಯಾಂಕಿನಲ್ಲಿ ನಿದ್ದೆ ಮಾಡುತ್ತಿತ್ತು, ಎಬ್ಬಿಸಿದಳು.

ಕೊಂಡದ್ದಾಯಿತು, ಇಡುವುದೆಲ್ಲಿ? ಅಂಗಡಿಯ ಗಾಜಿನ ಕಪಾಟಿನಲ್ಲಿಟ್ಟರೆ ಕಂಡವರೆಲ್ಲ ಕೇಳುತ್ತಾರೆ. ಕೇಳಿದವರಿಗೆ ಕೊಡದೆ ಇರಲಾಗುವುದಿಲ್ಲ. ಏರುವ ಮಾಲನ್ನು ಕಣ್ಣಿಗೆ ಬೀಳುವಲ್ಲಿ ಇಡಬಾರದು ಎಂಬುದು ಅಡಿಕೆಯವರ ಮೊದಲ ಪಾಠ. ರಾಜೀವಿಯ ಮಾವ ಕಟ್ಟಿಸಿದ ಅಡಿಕೆ ವಖಾರಿಯೊಂದು ಯಲ್ಲಾಪುರ ಪೇಟೆಯಲ್ಲಿತ್ತು. ಕಲ್ಲಿನ ಗೋಡೆ, ಹಲಗೆಯ ನೆಲ, ಎರಡು ಬೀಗ, ಮಳೆಗಾಲದಲ್ಲೂ ಒಂದು ಹನಿ ತೇವ ಇಲ್ಲ. ಅದನ್ನು ಇಪ್ಪತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದವನು ಬೈರ. ಬೈರ ನೋಡಿಕೊಂಡ ಅಡಿಕೆಗೆ ಹುಳ ಬಿದ್ದದ್ದನ್ನು ಕಂಡವರಿಲ್ಲ. ರಾಜೀವಿ ಇಪ್ಪತ್ತು ಡಬ್ಬಿಗಳನ್ನೂ ಕಾರಿನಲ್ಲಿ ತಂದು, ಅಡಿಕೆ ಚೀಲಗಳ ನಡುವೆ ಜಾಗ ಮಾಡಿಸಿ ಇಡಿಸಿದಳು. ಇವು ಅಡಿಕೆಗಿಂತ ತುಟ್ಟಿಯ ಮಾಲು, ಅಡಿಕೆಯನ್ನು ನೋಡಿಕೊಂಡ ಹಾಗೇ ನೋಡಿಕೊಳ್ಳಬೇಕು ಎಂದು ಬೈರನಿಗೆ ಎರಡೆರಡು ಸಲ ಹೇಳಿದಳು. ಬೈರ ತಲೆಯಾಡಿಸಿದ.

ಇಲ್ಲಿಯವರೆಗೆ ರಾಜೀವಿ ಮಾಡಿದ್ದರಲ್ಲಿ ತಪ್ಪು ಹುಡುಕುವವರು ಹುಡುಕಲಿ, ನನಗಂತೂ ಕಾಣುವುದಿಲ್ಲ. ತನ್ನ ದುಡ್ಡು, ತನ್ನ ಧೈರ್ಯ. ತಪ್ಪು ಆದದ್ದು ಆಮೇಲೆ, ನವರಾತ್ರಿಗೆ ನಾಲ್ಕು ದಿನ ಇದ್ದಾಗ.

ಆ ದಿನ ಸಿದ್ದಾಪುರದ ಹತ್ತಿರದ ಬಿಳಗಿಯಿಂದ ಅಭಿಜ್ಞಾ ಬಂದಳು. ರಾಜೀವಿಯ ಗಂಡನ ಕಡೆಯ ಸಂಬಂಧದ ಹುಡುಗಿ, ಅತ್ತೆ ಎಂದು ಕರೆಯುತ್ತಾಳೆ. ಇಪ್ಪತ್ತಾರು ವರ್ಷ. ಮನೆ ಕಟ್ಟುವ ಮೊದಲೇ ಮನೆಯೊಳಗೆ ನಡೆದಾಡಿದ ಹಾಗೆ ತೋರಿಸುವ ಚಿತ್ರ ಮಾಡುವುದು ಅವಳ ಕಸುಬು. ಕಿಟಕಿಯಿಂದ ಬಿಸಿಲು ಬೀಳುವುದು, ಅಡುಗೆಮನೆಯ ಕಟ್ಟೆ ಹೊಳೆಯುವುದು, ಎಲ್ಲ ಕಾಣುತ್ತದೆ. ಎರಡು ವರ್ಷ ಒಂದು ಮನೆ, ಎರಡು ಮನೆ ಎಂದು ಬಿಡಿ ಕೆಲಸ ಮಾಡಿಕೊಂಡಿದ್ದವಳಿಗೆ ಮೊದಲ ಬಾರಿ ದೊಡ್ಡ ಕೆಲಸ ಸಿಕ್ಕಿತ್ತು. ಬನವಾಸಿ ರಸ್ತೆಯಲ್ಲಿ ಇಪ್ಪತ್ನಾಲ್ಕು ಮನೆಗಳ ಬಡಾವಣೆ ಕಟ್ಟುವ ಕಾಂಟ್ರಾಕ್ಟರರೊಬ್ಬರು ದೀಪಾವಳಿಯೊಳಗೆ ಇಡೀ ಬಡಾವಣೆಯ ಚಿತ್ರ ಕೇಳಿದ್ದರು. ಅಭಿಜ್ಞಾ ಒಪ್ಪಿ, ಸಿದ್ದಾಪುರ ಪೇಟೆಯಲ್ಲಿ ಒಂದು ಕೋಣೆಗೆ ಮುಂಗಡ ಕೊಟ್ಟು, ತನ್ನ ಹೆಸರಿನ ಬೋರ್ಡನ್ನೂ ಬರೆಸಿದ್ದಳು. ಅಷ್ಟರಲ್ಲಿ ಅವಳ ಹಳೆಯ ಕಾರ್ಡು ಸುಟ್ಟುಹೋಯಿತು.

ಹಸಿರು ಡಬ್ಬಿ ಒಂದು ಬೇಕು ಎಂದಳು. ಆಗಲೇ ದರ ಮೂರು ಸಾವಿರ ಏರಿತ್ತು. ಏರಿದ ದರವನ್ನೇ ಕೊಡುತ್ತೇನೆ ಎಂದು ಬ್ಯಾಗಿನ ಜಿಪ್ಪು ಎಳೆಯುತ್ತ ನಿಂತಿದ್ದಳು.

ಕಾರ್ತಿಕ ಅತ್ತೆಯ ಮುಖ ನೋಡಿದ. ರಾಜೀವಿಯ ತಲೆಯಲ್ಲಿ ಆ ಕ್ಷಣಕ್ಕೆ ಓಡಿದ್ದು ಇಷ್ಟು: ಒಂದು ಹೊರಗೆ ಬಂದರೆ ಹತ್ತೊಂಬತ್ತು ಇದೆಯೆಂದು ಊರಿಗೆ ಗೊತ್ತಾಗುತ್ತದೆ. ಧಾರಣೆ ಈಗಷ್ಟೇ ಕಣ್ಣು ಬಿಡುತ್ತಿದೆ. ಇನ್ನೊಂದು ತಿಂಗಳು ತಡೆದರೆ ತಾನೇ ಕರೆದು ಕೊಟ್ಟರಾಯಿತು, ಮನೆಯ ಹುಡುಗಿಯೇ ಅಲ್ಲವೇ.

"ಇಲ್ಲೆ ತಂಗಿ. ಮಾಲಿಲ್ಲೆ," ಎಂದಳು.

ಮೂವತ್ತು ವರ್ಷ ಚೀಟಿ ಓದಿದ ಅದೇ ದನಿಯಲ್ಲಿ ಆ ‘ಇಲ್ಲ’ ಬಂತು. ತನ್ನ ದನಿ ಒಂದಿಷ್ಟೂ ನಡುಗದೇ ಇದ್ದದ್ದನ್ನು ಕೇಳಿ ರಾಜೀವಿಗೇ ದಿಗಿಲಾಯಿತು. ಕಾರ್ತಿಕ ತಲೆ ತಗ್ಗಿಸಿ ಕೀಬೋರ್ಡಿನ ಧೂಳು ಒರೆಸತೊಡಗಿದ. ಅಭಿಜ್ಞಾ ಜಿಪ್ಪು ಮತ್ತೆ ಎಳೆದು, ಆತು ಅತ್ತೆ ಎಂದು ಹೊರಟುಹೋದಳು. ಬೇರೆ ಏನೂ ಕೇಳಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವ ಗಾದೆಯನ್ನು ರಾಜೀವಿ ಸೊಸೈಟಿಯ ವರಾಂಡದಲ್ಲಿ ಎಷ್ಟು ಜನರಿಗೆ ಹೇಳಿಲ್ಲ. ಹೇಳುವವರಿಗೆ ಗಾದೆ ತಾಗುವುದಿಲ್ಲ, ಅದೊಂದು ಸೌಕರ್ಯ.

ಒಂದು ತಿಂಗಳು ಕಳೆಯಿತು. ಧಾರಣೆ ಏರುತ್ತಲೇ ಹೋಯಿತು, ಏರುವ ಮಾಲನ್ನು ಬಿಡುವುದು ಯಾರಿಂದಾಗುತ್ತದೆ? ದೀಪಾವಳಿಗೆ ಲಕ್ಷ್ಮೀಪೂಜೆ ಮಾಡಲು ರಾಜೀವಿ ವಖಾರಿಗೆ ಹೋದಳು. ಡಬ್ಬಿಗಳ ಮೇಲೆ ಕೈಯಾಡಿಸಿ, ಅರಿಶಿನ ಕುಂಕುಮ ಹಚ್ಚಿದಳು. ಅಲ್ಲಿದ್ದ ಹಿತ್ತಾಳೆಯ ದೀಪ ಕರ್ರಗೆ ಕಪ್ಪಾಗಿತ್ತು. ಹಬ್ಬದ ದಿನವೂ ದೀಪ ತಿಕ್ಕಿಡಲು ಆಗುವುದಿಲ್ಲವೇ ಎಂದು ಬೈರನಿಗೆ ಬೈದು, ಹುಣಸೆಹಣ್ಣು ತರಿಸಿ ತಾನೇ ನಿಂತು ತಿಕ್ಕಿಸಿದಳು. ಅಲ್ಲಿಗೆ ಅದನ್ನು ಮರೆತಳು.

ಈಗ ಸಂಕ್ರಾಂತಿಯೂ ಕಳೆದು ಧಾರಣೆ ಅರವತ್ತೆಂಟಕ್ಕೆ ನಿಂತಿದ್ದಾಗ, ಇನ್ನು ಬಿಡಬಹುದು ಎಂದು ಅವಳ ಮೂಗು ಹೇಳಿತು. ಮೊದಲು ನೆನಪಾದದ್ದು ಅಭಿಜ್ಞಾ. ಮಾಲು ಬಂದಿದೆ, ಪೇಟೆಯಲ್ಲಿ ಅರವತ್ತೆಂಟು, ನಿನಗಾದರೆ ಅರವತ್ತು ಎಂದು ಫೋನು ಮಾಡಿದಳು. ಎಂಟು ಸಾವಿರ ಬಿಟ್ಟುಕೊಟ್ಟೆ ಎಂದು ಅವಳಿಗೆ ಮನಸ್ಸು ತುಂಬಿಬಂದಿತ್ತು. ನಲವತ್ತಾರಕ್ಕೆ ಕೊಂಡದ್ದು ಆ ಹೊತ್ತಿಗೆ ಅವಳಿಗೆ ನೆನಪೇ ಇರಲಿಲ್ಲ, ಪುಣ್ಯಾತ್ಗಿತ್ತಿ.

ಮರುದಿನ ಹತ್ತು ಗಂಟೆಯ ಬಸ್ಸಿಗೆ ಅಭಿಜ್ಞಾ ಬಂದಳು. ಕಂಪ್ಯೂಟರಿನ ಪೆಟ್ಟಿಗೆಯನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ, ಬಿಳಗಿಯಿಂದ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದಳು. ಬನವಾಸಿಯ ಹೋಮ್‌ಸ್ಟೇಯವರೊಬ್ಬರು ಸಣ್ಣ ಕೆಲಸ ಹೇಳಿದ್ದಾರೆ, ಮತ್ತೆ ಶುರು ಮಾಡುತ್ತೇನೆ ಎಂದಳು. ಮತ್ತೆ ಎಂಬ ಮಾತು ರಾಜೀವಿಯ ಕಿವಿಗೆ ಬಿತ್ತು. ಅದೇನೆಂದು ಕೇಳಲು ಮನಸ್ಸಾಗಲಿಲ್ಲ. ಅಭಿಜ್ಞಾ ಅರವತ್ತು ಸಾವಿರ ಎಣಿಸಿ ಗಲ್ಲೆಯ ಮೇಲಿಟ್ಟಳು. ಕಾರ್ತಿಕ ಬೆಳಿಗ್ಗೆಯೇ ಯಲ್ಲಾಪುರಕ್ಕೆ ಹೋಗಿ ಆರು ಡಬ್ಬಿ ತಂದಿದ್ದ. ಒಂದು ಹಸಿರು ಡಬ್ಬಿಯ ಸೀಲು ಕತ್ತರಿಸಿ, ಕಾರ್ಡು ತೆಗೆದು, ಅವಳ ಪೆಟ್ಟಿಗೆಯೊಳಗೆ ಕೂರಿಸಿ ಸ್ವಿಚ್ಚು ಒತ್ತಿದ.

ಪರದೆ ಕಪ್ಪಗೇ ಉಳಿಯಿತು. ಕಾರ್ಡಿನ ಫ್ಯಾನು ತಿರುಗಲಿಲ್ಲ.

ಸರಿಯಾಗಿ ಕೂತಿಲ್ಲವೇನೋ ಎಂದು ತೆಗೆದು ಕೂರಿಸಿದ. ಇಲ್ಲ. ಪೆಟ್ಟಿಗೆಯದೇ ದೋಷವಿರಬೇಕೆಂದು ಅಂಗಡಿಯ ಸ್ವಂತ ಕಂಪ್ಯೂಟರಿಗೆ ಹಾಕಿದ. ಅದೂ ಕಪ್ಪಾಯಿತು. ಒಂದು ಕೆಟ್ಟದ್ದು ಬರುವುದು ಉಂಟು ಎಂದು ಎರಡನೆಯ ಹಸಿರು ಡಬ್ಬಿ ಒಡೆದ. ಇಲ್ಲ. ಮೂರನೆಯದು ಇಲ್ಲ. ಕೆಂಪು ಡಬ್ಬಿ ಒಡೆದ. ಅದರ ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ರಾಜೀವಿ ಗಲ್ಲೆಯಿಂದ ಎದ್ದು ಬಂದವಳು ಅಲ್ಲೇ ಸ್ಟೂಲು ಹಿಡಿದು ನಿಂತಳು. ಐದನೆಯ ಡಬ್ಬಿಗೆ ಕತ್ತರಿ ತಂದ ಕಾರ್ತಿಕ ಸೀಲು ಕತ್ತರಿಸದೆ ಅದನ್ನು ಬದಿಗಿಟ್ಟ.

ಅಭಿಜ್ಞಾ ಮೊದಲ ಕಾರ್ಡನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಳು. ಕಂಪ್ಯೂಟರಿಗೆ ಸಿಕ್ಕಿಸುವ ಅಂಚು ಚಿನ್ನದ ಬಣ್ಣಕ್ಕಿರಬೇಕು, ಮಸಿ ಬಳಿದ ಹಾಗಿತ್ತು. ತಗಡಿನ ಸಂದಿಯಲ್ಲಿ ಕಾಣುವ ತಾಮ್ರದ ಕೊಳವೆಗಳೂ ಕರಿಗಟ್ಟಿದ್ದವು. ಖಾಲಿ ಡಬ್ಬಿ ಎತ್ತಿ ನೋಡಿದಳು. ಹೊರಗಿನ ಮಡಿಕೆಯೊಂದರಲ್ಲಿ ಚಿಟಿಕೆಯಷ್ಟು ಬೂದುಬಣ್ಣದ ಪುಡಿ ಕೂತಿತ್ತು. ಮೂಗಿನ ಹತ್ತಿರ ತಂದಳು. ಕೊಳೆತ ಬೆಳ್ಳುಳ್ಳಿಯಂಥ ವಾಸನೆ, ಇಷ್ಟು ದಿನವಾದರೂ ರಟ್ಟಿನಲ್ಲಿ ಉಳಿದಿತ್ತು. ಅಡಿಕೆ ಬೆಳೆಯುವ ಮನೆಯಲ್ಲಿ ಹುಟ್ಟಿದವರಿಗೆ ಆ ವಾಸನೆಯನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ.

"ಅತ್ತೆ, ಇದು ಅಡಿಕೆಗೆ ಇಡುವ ಗುಳಿಗೆ ವಾಸನೆ ಅಲ್ದಾ?" ಎಂದಳು.

ರಾಜೀವಿಗೆ ಆ ಕ್ಷಣಕ್ಕೆ ಹಿತ್ತಾಳೆಯ ದೀಪ ಕಣ್ಣ ಮುಂದೆ ಬಂತು. ಹುಳ ಬೀಳದ ಹಾಗೆ ಚೀಲಗಳ ನಡುವೆ ಗುಳಿಗೆ ಇಟ್ಟು, ತಾಡಪತ್ರಿ ಹೊದಿಸಿ, ವಾರದವರೆಗೆ ಬಾಗಿಲು ಮುಚ್ಚುತ್ತಾರೆ. ಗುಳಿಗೆ ಕರಗಿ ಗೋಣಿ, ರಟ್ಟು ಎಲ್ಲವನ್ನೂ ತೂರುವ ವಿಷದ ಗಾಳಿಯಾಗುತ್ತದೆ, ಬೂದಿ ಉಳಿಯುತ್ತದೆ. ಆ ಗಾಳಿಗೆ ವಖಾರಿಯ ಹಿತ್ತಾಳೆ, ತಾಮ್ರ ಎಲ್ಲ ವರ್ಷಾ ವರ್ಷಾ ಕಪ್ಪಾಗುತ್ತದೆ. ಇದನ್ನು ಅವಳು ಮದುವೆಯಾಗಿ ಬಂದ ದಿನದಿಂದ ನೋಡಿದ್ದಳು. ಒಂದು ದಿನವೂ ಯಾಕೆಂದು ಕೇಳಿಕೊಂಡಿರಲಿಲ್ಲ. ಅಡಿಕೆಗೆ ಒಳ್ಳೆಯದಾದದ್ದು ಎಲ್ಲದಕ್ಕೂ ಒಳ್ಳೆಯದು ಎಂಬ ನಂಬಿಕೆ ನಮ್ಮ ಕಡೆಯವರ ರಕ್ತದಲ್ಲೇ ಇದೆ, ಅವಳೊಬ್ಬಳನ್ನು ಅಂದು ಏನು ಪ್ರಯೋಜನ.

ಕಾರ್ತಿಕ ಬೈರನಿಗೆ ಫೋನು ಹಚ್ಚಿ, ದನಿ ಎಲ್ಲರಿಗೂ ಕೇಳುವಂತೆ ಗಲ್ಲೆಯ ಮೇಲಿಟ್ಟ. ಆ ಡಬ್ಬಿಗಳ ಹತ್ತಿರ ಗುಳಿಗೆ ಇಟ್ಟಿದ್ದೆಯಾ ಎಂದು ರಾಜೀವಿ ಕೇಳಿದಳು.

"ಮತ್ತೆ ಇಡೂದಿಲ್ವಾ ಅಮ್ಮಾ? ಅಡಿಕೆ ನೋಡ್ಕಂಡಂಗೇ ನೋಡ್ಕಾ ಅಂತ ನೀವೇ ಹೇಳಿದ್ರಲ್ರಾ," ಎಂದ ಬೈರ. "ಚೌತಿ ಮುಗಿದ ವಾರ ಒಂದ್ಸಲ ಇಟ್ಟೆ, ದೀಪಾವಳಿ ಆದ್ಮೇಲೆ ಇನ್ನೊಂದ್ಸಲ. ತುಟ್ಟಿ ಮಾಲು ಅಂದಿದ್ರಲ್ಲಾ, ನಿಮ್ಮ ಡಬ್ಬಿ ಮಧ್ಯ ನಾಲ್ಕು ಜಾಸ್ತಿನೇ ಇಟ್ಟಿದೀನಿ."

ಅವನ ಮಾತಿನಲ್ಲಿ ಹೆಮ್ಮೆ ಇತ್ತು. ಬೈಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ್ದ. ಆಯ್ತು ಬೈರ ಎಂದಳು, ಕಾರ್ತಿಕ ಫೋನು ಇಟ್ಟ. ಎಂಟೂವರೆ ಲಕ್ಷದ ಮಾಲು ಎಂಬ ಮಾತು ಅವನ ಬಾಯಿಂದ ಪಿಸುದನಿಯಲ್ಲಿ ಹೊರಬಿತ್ತು. ಅಲ್ಲೇ ಕೂತುಬಿಟ್ಟ.

ರಾಜೀವಿಗೂ ದುಡ್ಡಿನ ಸಂಕಟವೇ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದು ಹೊಟ್ಟೆಗೆ ಇಳಿಯುವ ಮೊದಲೇ ಅವಳು ಅಭಿಜ್ಞಾಳ ಮುಖ ನೋಡಿದಳು. ಅಭಿಜ್ಞಾ ಕಾರ್ಡನ್ನು ನೋಡುತ್ತಿರಲಿಲ್ಲ, ಅತ್ತೆಯನ್ನು ನೋಡುತ್ತಿದ್ದಳು. ಅವಳ ತುಟಿ ಸಣ್ಣಗೆ ಅಲುಗುತ್ತಿತ್ತು, ದಿನ ಎಣಿಸುವವರ ತುಟಿಯ ಹಾಗೆ. ಚೌತಿ ಮುಗಿದ ವಾರ. ನವರಾತ್ರಿಗೆ ನಾಲ್ಕು ದಿನ. ಯಾವುದು ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಪಂಚಾಂಗ ಬೇಕಾಗಿರಲಿಲ್ಲ.

"ಅತ್ತೆ," ಎಂದಳು ಅಭಿಜ್ಞಾ. "ಅವತ್ತು ಆನು ಬಂದು ಕೇಳಕಾದ್ರೆ ಇದು ಇತ್ತಾ?"

ಕಾರ್ತಿಕ ಬಾಯಿ ತೆರೆದ. ಅವನು ಏನಾದರೂ ಹೇಳುತ್ತಿದ್ದ. ಬೇರೆಯವರ ಮಾಲು ಎಂದೋ, ಬುಕ್ಕಾಗಿತ್ತು ಎಂದೋ. ರಾಜೀವಿ ಕೈಯೆತ್ತಿ ಅವನನ್ನು ತಡೆದಳು. ಚೀಟಿ ಬಿಡಿಸಿ ಆಗಿತ್ತು. ಓದುವುದೊಂದೇ ಉಳಿದಿತ್ತು.

"ಇತ್ತು. ಇಪ್ಪತ್ತೂ ಇತ್ತು," ಎಂದಳು.

ಹುಡುಗಿ ಕೂಗಾಡುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದು ಅವಳು ಕಾದಳು. ಎರಡೂ ಆಗಲಿಲ್ಲ. ಅಭಿಜ್ಞಾ ಸ್ಟೂಲಿನ ಮೇಲೆ ಕೂತು, ತನ್ನ ಪೆಟ್ಟಿಗೆಯ ಸ್ಕ್ರೂಗಳನ್ನು ಒಂದೊಂದೇ ತಿರುಗಿಸಿ ಹಾಕತೊಡಗಿದಳು. ಹಾಕುತ್ತ ಹಾಕುತ್ತ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದಳು. ದೀಪಾವಳಿಗೆ ಚಿತ್ರ ಕೊಡಲಾಗಲಿಲ್ಲ. ಬಡಾವಣೆಯ ಕೆಲಸ ಹೊರಗಿನ ಕಂಪನಿಯೊಂದಕ್ಕೆ ಹೋಯಿತು. ಒಪ್ಪಿಕೊಂಡು ಕೈಕೊಟ್ಟ ಹುಡುಗಿ ಎಂದು ಹೆಸರು ಬಂದದ್ದರಿಂದ ಬಿಡಿ ಕೆಲಸಗಳೂ ನಿಂತವು. ಕೋಣೆ ಬಿಟ್ಟಳು, ಮುಂಗಡ ಮುಳುಗಿತು. ಎರಡು ತಿಂಗಳಿಂದ ಸಿದ್ದಾಪುರದ ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪು ಮಾಡುತ್ತಿದ್ದಾಳೆ. ಬೋರ್ಡು ಮನೆಯಲ್ಲಿ ಮಂಚದ ಕೆಳಗಿದೆ.

ಇದು ಯಾವುದೂ ರಾಜೀವಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಅವಳು ಒಂದು ಫೋನೂ ಮಾಡಿರಲಿಲ್ಲ. ಹುಬ್ಬಳ್ಳಿಯಲ್ಲಾದರೂ ವಿಚಾರಿಸಬಾರದಿತ್ತೇ ಎಂದು ಕೇಳಿದಳು. ಕೇಳಿದ ಮೇಲೆ, ಕೇಳಬಾರದಿತ್ತು ಅನ್ನಿಸಿತು.

ಅಭಿಜ್ಞಾ ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿದಳು.

"ಕಾಂಟ್ರಾಕ್ಟರು ಹುಬ್ಬಳ್ಳಿಗೆ ಕಾರು ಕಳಿಸ್ತೆ, ಎಷ್ಟಾದ್ರೂ ಆಗ್ಲಿ ತಗಂಡು ಬಾ ಹೇಳಿದಿದ್ದ. ಆನೇ ಬ್ಯಾಡ ಹೇಳ್ದೆ. ರಾಜೀವತ್ತೆನೇ ಇಲ್ಲೆ ಹೇಳಿದ ಮೇಲೆ ಎಲ್ಲೂ ಇರ್ತಿಲ್ಲೆ, ಸುಮ್ನೆ ಎಂತಕ್ಕೆ ಹೋಪದು ಹೇಳ್ದೆ."

ಹುಬ್ಬಳ್ಳಿಯಲ್ಲಿ ಆ ವಾರ ಎರಡು ಹಸಿರು ಡಬ್ಬಿ ಇತ್ತಂತೆ. ಆಮೇಲೆ ಯಾರೋ ಅಭಿಜ್ಞಾಳಿಗೆ ಹೇಳಿದ್ದು.

ರಾಜೀವಿ ಗೋಡೆಗೆ ಒರಗಿದಳು. ಕಾರ್ಡು ಇಲ್ಲದೆ ಹುಡುಗಿಯ ಕೆಲಸ ಹೋಗಲಿಲ್ಲ. ಬೇರೆ ಯಾರಾದರೂ ಇಲ್ಲ ಎಂದಿದ್ದರೆ ಇವಳು ಇನ್ನೊಂದು ಕಡೆ ಕೇಳುತ್ತಿದ್ದಳು, ಮತ್ತೊಂದು ಕಡೆ ಕೇಳುತ್ತಿದ್ದಳು. ಹೇಳಿದ್ದು ರಾಜೀವತ್ತೆ ಎಂಬ ಕಾರಣಕ್ಕೆ ಹುಡುಕುವುದನ್ನೇ ಬಿಟ್ಟಳು. ಭಾವನ ಎರಡು ವರ್ಷದ ಮೌನ ತಿಂದು, ಮೂವತ್ತು ವರ್ಷ ಕೂಡಿಟ್ಟ ನಂಬಿಕೆ ಅದು. ಅದನ್ನೇ ಎತ್ತಿ ಹುಡುಗಿಯ ದಾರಿಗೆ ಅಡ್ಡ ಹಾಕಿದ್ದಳು. ಅವಳಿಗೆ ತನ್ನ ಬಗ್ಗೆಯೇ ಭಯವಾಯಿತು.

ಅರವತ್ತು ಸಾವಿರ ತೆಗೆದು ಅಭಿಜ್ಞಾಳ ಮುಂದಿಟ್ಟಳು. ಹುಬ್ಬಳ್ಳಿಯಿಂದ ಎಷ್ಟು ಕೊಟ್ಟಾದರೂ ಒಂದು ಹಸಿರು ಡಬ್ಬಿ ತರಿಸುತ್ತೇನೆ, ಅವತ್ತು ನೀನು ಕೇಳಿದ ದರಕ್ಕೇ ಕೊಡುತ್ತೇನೆ ಎಂದಳು. ಅಭಿಜ್ಞಾ ಹಣ ತೆಗೆದುಕೊಂಡಳು. ಎಣಿಸದೆ ಬ್ಯಾಗಿಗೆ ಹಾಕಿ ಜಿಪ್ಪು ಎಳೆದಳು.

"ಬ್ಯಾಡ ಅತ್ತೆ. ಇನ್ನು ಆನೇ ಕೇಳ್ಕತ್ತೆ," ಎಂದಳು. ತಾನೇ ನಾಲ್ಕು ಕಡೆ ವಿಚಾರಿಸಿಕೊಳ್ಳುತ್ತೇನೆ ಎಂದದ್ದು ಸಿಟ್ಟಿನಿಂದಲ್ಲ. ಹೊದಿಕೆ ಸುತ್ತಿದ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಕಾರ್ತಿಕ ಹಿಂದೆ ಓಡಿ, ಕಾರಿನಲ್ಲಿ ಬಿಡುತ್ತೇನೆ ಎಂದರೂ ಒಪ್ಪಲಿಲ್ಲ.

ಮಧ್ಯಾಹ್ನ ಇಬ್ಬರೂ ಊಟಕ್ಕೆ ಏಳಲಿಲ್ಲ. ಉಳಿದ ಹದಿನಾಲ್ಕು ಡಬ್ಬಿಗಳನ್ನಾದರೂ ನೋಡಿ ಬರುತ್ತೇನೆ ಎಂದು ಕಾರ್ತಿಕ ಎರಡು ಸಲ ಅಂದ, ಎರಡು ಸಲವೂ ಕೂತಲ್ಲೇ ಕೂತ. ನಾಲ್ಕು ಗಂಟೆಯ ಹೊತ್ತಿಗೆ ಅಂಗಡಿಯ ಫೋನು ಹೊಡೆದುಕೊಂಡಿತು. ಸಿದ್ದಾಪುರದ ಸಂದೇಶ, ಮದುವೆಯ ವೀಡಿಯೋ ಮಾಡುವವನು. ಮುಂದಿನ ವಾರದಿಂದ ಲಗ್ನಗಳು ಶುರು, ಹಸಿರೋ ಕೆಂಪೋ ಯಾವುದಾದರೂ ಒಂದು ಕಾರ್ಡು ಇದೆಯಾ ಎಂದು ಕೇಳಿದ. ಇಲ್ಲ ಎಂದಳು ರಾಜೀವಿ. ಈ ಸಲ ಅದು ನಿಜವೇ ಆಗಿತ್ತು. ಆದರೆ ದನಿ ಅದೇ, ಮಾತು ಅದೇ.

ನಿಮ್ಮಲ್ಲೇ ಇಲ್ಲ ಅಂದಮೇಲೆ ಇನ್ನೆಲ್ಲಿ ಕೇಳೂದು ಬಿಡಿ ಎಂದು ಅವನು ಫೋನು ಇಟ್ಟುಬಿಟ್ಟ.

ರಾಜೀವಿ ರಿಸೀವರು ಹಿಡಿದುಕೊಂಡೇ ಕೂತಳು. ಆಮೇಲೆ ಅವನ ನಂಬರು ಒತ್ತಿದಳು. ಬ್ಯುಸಿ ಬಂತು. ಮತ್ತೆ ಒತ್ತಿದಳು. ಮೂರನೆಯ ಸಲಕ್ಕೆ ಸಿಕ್ಕಿದ. ನನ್ನ ಮಾತು ನಂಬಿ ಕೂರಬೇಡ, ಹುಬ್ಬಳ್ಳಿಯಲ್ಲೂ ವಿಚಾರಿಸು ಎಂದಳು. ಸಂದೇಶ ನಕ್ಕುಬಿಟ್ಟ. ತಮಾಷೆ ಎಂದುಕೊಂಡಿದ್ದ.

"ಎಂತ ರಾಜೀವಕ್ಕ, ನಿಮ್ಮ ಮಾತು ನಂಬದೇ ಇನ್ಯಾರ ಮಾತು ನಂಬೂದು?" ಎಂದ.

ಕಾರ್ತಿಕ ಅತ್ತೆಯನ್ನೇ ನೋಡುತ್ತಿದ್ದ. ಬಾಗಿಲ ಬಳಿ ಪೆನ್‌ಡ್ರೈವು ಕೊಳ್ಳಲು ಬಂದ ಇಬ್ಬರು ನಿಂತಿದ್ದರು. ರಾಜೀವಿ ಗಂಟಲು ಸರಿಮಾಡಿಕೊಂಡಳು. ಟೆಂಡರಿನ ಹೊತ್ತಿನಲ್ಲಿ ವರಾಂಡದ ಕೊನೆಯ ಕಂಬದವರೆಗೆ ಕೇಳಿಸುತ್ತಿದ್ದ ಆ ರಾಗವಿಲ್ಲದ ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಸಂದೇಶ, ಸರಿ ಕೇಳು. ನವರಾತ್ರಿ ಹೊತ್ತಿಗೆ ನನ್ನ ಹತ್ರ ಇಪ್ಪತ್ತು ಕಾರ್ಡು ಇತ್ತು. ಬಿಳಗಿ ಅಭಿಜ್ಞಾ ಬಂದು ಕೇಳಿದಾಗ ಇಲ್ಲ ಅಂತ ಸುಳ್ಳು ಹೇಳಿದೆ. ಅವಳ ಕೆಲಸ ಹೋಗಿದ್ದು ನನ್ನಿಂದ. ಅವಳು ಕೈಕೊಟ್ಟಿದ್ದಲ್ಲ. ಕೇಳಿದವರಿಗೆಲ್ಲ ನೀನು ಹೀಗೇ ಹೇಳು."

ಆ ಕಡೆ ನಗು ನಿಂತಿತು. ಬಾಗಿಲಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಾಜೀವಿ ದರದ ಪಟ್ಟಿಯಿದ್ದ ಕಾರ್ತಿಕನ ಮೊಬೈಲನ್ನು ಹತ್ತಿರಕ್ಕೆ ಎಳೆದುಕೊಂಡು, ಹುಬ್ಬಳ್ಳಿಯ ಅಂಗಡಿಯ ನಂಬರು ಬರೆದುಕೋ ಎಂದು ಒಂದೊಂದೇ ಅಂಕಿ ಓದತೊಡಗಿದಳು.